ಭಾನುವಾರ ಓಡಬೇಕಿದ್ದ ಕಾರು

ನಮ್ಮ ಬೀದಿಯಲ್ಲಿ ಅವರ ಹೆಸರು ಸರಿಯಾಗಿ ಗೊತ್ತಿದ್ದವರು ಹೆಚ್ಚೆಂದರೆ ಮೂರು ಜನ ಇರಬಹುದು. ಉಳಿದವರಿಗೆಲ್ಲ ಅವರು ‘ಆರೂಕಾಲಣ್ಣ’. ಬೆಳಗ್ಗೆ ಆರೂಕಾಲಿಗೆ ಶ್ರೀರಂಗಪಟ್ಟಣ ಬಿಟ್ಟು, ಪಾಂಡವಪುರ, ಬೂಕನಕೆರೆ, ಕೆ.ಆರ್. ಪೇಟೆ, ನಾಗಮಂಗಲ ದಾಟಿ ಬಿಂಡಿಗನವಿಲೆ ಮುಟ್ಟುವ ಬಸ್ಸನ್ನು ಅವರು ಇಪ್ಪತ್ತಾರು ವರ್ಷ ಓಡಿಸಿದರು. ಬಸ್ಸಿನ ಹೊತ್ತೇ ಅವರ ಹೆಸರಾಯಿತು. ಹೋದ ತಿಂಗಳು ಅವರು ತೀರಿಕೊಂಡಾಗ ಮಣ್ಣಿಗೆ ಬಂದವರಲ್ಲಿ ಮುಕ್ಕಾಲು ಪಾಲು ಆ ದಾರಿಯ ಊರುಗಳವರೇ. ನನಗೆ ಅವರ ಹೆಸರು ಗೊತ್ತು, ಆದರೆ ಇಲ್ಲಿ ಬರೆಯುವುದಿಲ್ಲ. ಬರೆಯಲು ಹೊರಟಿರುವುದು ಅವರ ಬಗ್ಗೆ ಎಷ್ಟೋ ನನ್ನದೊಂದು ತಪ್ಪಿನ ಬಗ್ಗೆಯೂ ಅಷ್ಟೇ. ಅದರೊಳಕ್ಕೆ ಅವರ ಹೆಸರನ್ನು ಯಾಕೆ ಎಳೆಯಲಿ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವನು. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಮೋಟು ಗೋಡೆ. ಆ ಗೋಡೆಯ ಆಚೆಯಿಂದ ದಿನಾ ಬೆಳಗ್ಗೆ ಯಾರಾದರೊಬ್ಬರಿಗೆ ಬೈಗುಳ ಬೀಳುವುದು ಕೇಳಿಸುತ್ತಿತ್ತು. ಹಾಲಿಗೆ ನೀರು ಹಾಕಿದವನಿಗೆ, ಬೀದಿಯಲ್ಲಿ ಅಡ್ಡಾದಿಡ್ಡಿ ಸ್ಕೂಟರ್ ನಿಲ್ಲಿಸಿದವನಿಗೆ, ರಸ್ತೆ ಉಬ್ಬು ಹಾಕಿಸಿದ ಮೆಂಬರಿಗೆ. ಬೈಯುವುದರಲ್ಲಿ ಅವರದು ಎತ್ತಿದ ಕೈ. ಬಸ್ಸು ಓಡಿಸುವಾಗಲೂ ಹಾಗೇ ಇದ್ದರಂತೆ. ಬಿಳಿ ಅಂಗಿಯ ದೊಡ್ಡ ಮನುಷ್ಯರು ಕೈ ಅಡ್ಡ ಹಾಕಿದರೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಬೈದು ಮುಂದೆ ಹೋಗುತ್ತಿದ್ದರು. ಹಾಲಿನ ಕ್ಯಾನು ಹಿಡಿದು ಗದ್ದೆಯ ಬದುವಿನ ಮೇಲೆ ಓಡಿಬರುವ ಹೆಂಗಸು ಕಂಡರೆ ಮಾತ್ರ ಗಾಡಿ ನಿಲ್ಲಿಸಿ, ಆಕೆ ಹತ್ತುವವರೆಗೂ ಕಾದು, ಹತ್ತಿದ ಮೇಲೆ ಆಕೆಗೂ ಬೈಯುತ್ತಿದ್ದರು.

ನನಗೆ ಕಾರು ಓಡಿಸಲು ಕಲಿಸಿದವರು ಅವರೇ. ಅವರ ನೆಂಟರೊಬ್ಬರ ಹಳೆಯ ಕಾರು, ಕೋಟೆ ಆಚೆಯ ಬಯಲು, ಪಕ್ಕದಲ್ಲಿ ಅವರು. “ಕ್ಲಚ್ಚೇನು ನಾಗರಾವಾ? ಅಂಗ್ಯಾಕ್ಲಾ ತುಳೀತೀಯ?” “ಗೇರು ಐದವೆ, ನೀನು ಎರಡ್ರಲ್ಲೇ ಊರ್ ಸುತ್ತೀಯಲ್ಲ, ನಿಂಗೆ ಲೆಕ್ಕ ಕಲ್ಸ್‌ದೋನು ಯಾವನ್ಲಾ?” ನನ್ನ ವಿದ್ಯಾರ್ಥಿಗಳು ದೂರದಲ್ಲಿ ನಿಂತು ನಗುತ್ತಿದ್ದರು. ಆ ಬೈಗುಳದಲ್ಲಿ ಒಂದು ಸಲಿಗೆ ಇತ್ತು. ಅದು ಬೀಳದೆ ಹೋದ ದಿನ ಏನೋ ಕಳೆದುಕೊಂಡ ಹಾಗೆ ಅನ್ನಿಸುತ್ತಿತ್ತು.

ಅವರದೊಂದು ಅಭ್ಯಾಸವಿತ್ತು. ಯಾವ ಗಾಡಿ ಬಂದು ನಿಂತರೂ, ಅದು ಯಾರದೇ ಆಗಿರಲಿ, ಹತ್ತಿರ ಹೋಗಿ ಬಾನೆಟ್ಟಿನ ಮೇಲೆ ಅಂಗೈ ಇಡುತ್ತಿದ್ದರು. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವಂತೆ. “ಇದು ಮೈಸೂರಿಂದ ಬಂದದೆ”, “ಇದು ಇಲ್ಲೇ ಬಸ್ ಸ್ಟ್ಯಾಂಡಿಂದ ಬಂದದೆ” ಎಂದು ಹೇಳಿಬಿಡುತ್ತಿದ್ದರು. ಹೇಳಿದ್ದು ತಪ್ಪಾದದ್ದು ನಾನು ಕಂಡಿಲ್ಲ.

ರಿಟೈರಾದ ವರ್ಷ ಅವರು ಕಾರು ಕೊಳ್ಳುತ್ತೇನೆ ಎಂದಾಗ ಇಡೀ ಬೀದಿ ಸಲಹೆ ಕೊಟ್ಟಿತು. ನಾನು ಒಂದು ಹಾಳೆಯ ತುಂಬ ಲೆಕ್ಕ ಬರೆದುಕೊಂಡು ಹೋಗಿದ್ದೆ.

“ಅಣ್ಣ, ನೀವು ಓಡಾಡೋದೆಲ್ಲಿಗೆ? ಸಂತೆಗೆ, ಡೈರಿಗೆ, ಅಬ್ಬಬ್ಬಾ ಅಂದ್ರೆ ಪಾಲಹಳ್ಳಿಗೆ. ಇಂಜಿನ್ನು ಬಿಸಿ ಆಗೋದ್ರೊಳಗೆ ಮನೆ ಬಂದಿರ್ತದೆ. ಈಗಿನ ಡೀಸೆಲ್ ಕಾರಿಗೆ ಅದು ಆಗಿಬರಾಕಿಲ್ಲ. ಪೆಟ್ರೋಲ್ ತಗಳಿ.”

“ಪೆಟ್ರೋಲ್ ಗಾಡಿ ಓಡ್ತಾ ಅದೋ ನಿಂತದೋ ಅಂತ್ಲೇ ಗೊತ್ತಾಗಾಕಿಲ್ಲ ಕಣ್ಲಾ,” ಎಂದರು. “ಗಾಡಿ ಅಂದ್ಮೇಲೆ ವಸಿ ಸದ್ದಿರ್ಬೇಕು.”

ಮೈಸೂರಿನ ಶೋರೂಮಿಗೆ ನನ್ನನ್ನೂ ಕರೆದುಕೊಂಡು ಹೋದರು. ಡೀಸೆಲಿನ ಸಣ್ಣ ಕಾರುಗಳು ಆಗಲೇ ಕಡಿಮೆಯಾಗುತ್ತಿದ್ದವು, ಅಲ್ಲಿ ಇದ್ದದ್ದು ಒಂದೇ ಒಂದು. ಮಾರುವಾಕೆ ಒಂದು ಫಾರಂ ಹಿಡಿದು, “ದಿನಕ್ಕೆ ಎಷ್ಟು ಕಿಲೋಮೀಟರ್ ಓಡಿಸ್ತೀರಿ ಸಾರ್?” ಎಂದು ಕೇಳಿದಳು. ಅಣ್ಣ ಹಿಂದೆಮುಂದೆ ನೋಡದೆ “ಇನ್ನೂರಾ ಇಪ್ಪತ್ತು” ಎಂದುಬಿಟ್ಟರು. ಬಿಂಡಿಗನವಿಲೆಗೆ ಹೋಗಿ ಬರುವ ದೂರ ಅದು. ನಾನು ಅಂಗಿ ಜಗ್ಗಿ, “ಅಣ್ಣ, ಅದು ಬಸ್ಸಿಂದು” ಎಂದೆ. ಅವರು ಕೇಳಿಸಿಕೊಳ್ಳಲಿಲ್ಲ. “ಹಾಗಾದ್ರೆ ನಿಮಗೆ ಡೀಸೆಲ್ಲೇ ಸರಿ ಸಾರ್” ಎಂದು ಆಕೆ ಬರೆದುಕೊಂಡಳು. ಅಣ್ಣ ಬಾನೆಟ್ ತೆಗೆಸಿ, ಇಂಜಿನ್ ಚಾಲೂ ಮಾಡಿಸಿ, ಎಲ್ಲರನ್ನೂ ಸುಮ್ಮನಿರಿ ಎಂದು ಗದರಿಸಿ, ಕಣ್ಣು ಮುಚ್ಚಿಕೊಂಡು ಎರಡು ನಿಮಿಷ ಆ ಸದ್ದು ಕೇಳಿದರು. ಅಲ್ಲಿಗೆ ನನ್ನ ಹಾಳೆಯ ಲೆಕ್ಕ ಮುಗಿಯಿತು.

ವಾಪಸು ಬರುವ ಬಸ್ಸಿನಲ್ಲಿ ನಾನು ಮುಖ ಊದಿಸಿಕೊಂಡು ಕೂತಿದ್ದೆ. ಸಲಹೆ ಕೇಳಿ ಕೇಳದ ಹಾಗೆ ಮಾಡಿದರೆ ಮೇಷ್ಟರಿಗೆ ಸಿಟ್ಟು ಬಾರದೆ ಇರುತ್ತದೆಯೇ. ಕಾವೇರಿ ಸೇತುವೆ ಬಂದಾಗ ಅವರು ತಾವಾಗಿಯೇ ಬಾಯಿ ಬಿಟ್ಟರು.

“ಇಪ್ಪತ್ತಾರು ವರ್ಷ ಊರೋರ ಎಂಡ್ರನ್ನೆಲ್ಲ ತೌರಿಗೆ ಬುಟ್ಟು ಬಂದಿವ್ನಿ. ನನ್ನೆಂಡ್ತಿ ಒಂದ್ಸಲಾನೂ ನನ್ ಗಾಡಿ ಅತ್ನಿಲ್ಲ ಕಣ್ಲಾ. ಬೆಳಗ್ಗೆ ಡೈರಿಗೆ ಆಲು, ಸಂಜೆ ಡೈರಿಗೆ ಆಲು. ಎರಡು ಅಸ ಕಟ್ಕಂಡು ಅವ್ಳು ಇಲ್ಲೇ ಉಳುದ್ಬುಟ್ಲು. ಅವ್ಳನ್ನ ಕೂರಿಸ್ಕಂಡು ನನ್ ರೂಟು ಪೂರ್ತಿ ಒಂದಪ ಓಗ್ಬರ್ಬೇಕು. ಆಮೇಲೆ ಮನ್ಸಾದಾಗೆಲ್ಲ ಓಗದು. ಊರೊಳಗೆ ಓಡ್ಸಾಕೆ ಅಂತ ಯಾರ್ಲಾ ಯೋಳ್ದೋರು ನಿಂಗೆ?”

ಆಮೇಲೆ ನಾನು ಪೆಟ್ರೋಲ್ ಮಾತು ಎತ್ತಲಿಲ್ಲ.

ಕಾರು ಬಂತು. ಪೂಜೆ ಆಯಿತು. ರಾಗಿ ಕಟಾವು ಮುಗಿಯಲಿ, ಒಂದು ಹಸು ಕರು ಹಾಕಲಿ, ಆಮೇಲೆ ಹೋಗೋಣ ಎಂದು ಅವರ ಹೆಂಡತಿ, ನಮಗೆಲ್ಲ ಅಕ್ಕ, ಮುಂದೂಡುತ್ತಾ ಬಂದರು. ನಾಲ್ಕು ತಿಂಗಳಾಗುವಷ್ಟರಲ್ಲಿ ಅಕ್ಕನ ಕಾಲು ಊದಿಕೊಂಡವು, ಆಮೇಲೆ ಮುಖ. ಎರಡು ಕಿಡ್ನಿಯೂ ಕೈಕೊಟ್ಟಿವೆ ಎಂದು ಗೊತ್ತಾಯಿತು. ಹಸುಗಳನ್ನು ಕೊಟ್ಟುಬಿಟ್ಟರು. ವಾರಕ್ಕೆ ಮೂರು ದಿನ ಡಯಾಲಿಸಿಸ್. ಆಸ್ಪತ್ರೆ ಊರೊಳಗೇ, ಮನೆಯಿಂದ ಎರಡು ಕಿಲೋಮೀಟರ್. ಇನ್ನೂರಾ ಇಪ್ಪತ್ತು ಕಿಲೋಮೀಟರಿಗೆಂದು ತಂದ ಕಾರು ಎರಡು ಹೋಗಿ ಎರಡು ಬರಲು ಶುರು ಮಾಡಿತು. ಅದಕ್ಕಿಂತ ದೂರ ಹೋದರೆ ಅಕ್ಕನಿಗೆ ಹೊಟ್ಟೆ ತೊಳಸಿ ಬರುತ್ತಿತ್ತು. ಒಮ್ಮೆ ಅಣ್ಣ ಅಂಗಡಿಗೆ ಹೋಗಿದ್ದಾಗ ಅವರು ಬಚ್ಚಲಲ್ಲಿ ಬಿದ್ದರು. ಅಂದಿನಿಂದ ಅಣ್ಣ ಅವರನ್ನು ಯಾರ ಸುಪರ್ದಿಗೂ ಬಿಟ್ಟು ಮನೆಯಿಂದ ಹೊರಗೆ ಕಾಲಿಡಲಿಲ್ಲ. ನನ್ನ ಹೆಂಡತಿ ಬಂದು ಕೂರುತ್ತೇನೆ ಎಂದರೂ ಒಪ್ಪಲಿಲ್ಲ. ಮಕ್ಕಳಿರಲಿಲ್ಲ. ಆ ಮನೆಯಲ್ಲಿ ಅವರಿಗೆ ಅವರೇ.

ಕಾರಿನಲ್ಲಿ ಹಳದಿ ದೀಪ ಹತ್ತಿಕೊಂಡಿತು. ಪಾಂಡವಪುರದಿಂದ ಒಬ್ಬ ಮೆಕ್ಯಾನಿಕ್ಕು ಬಂದು ನೋಡಿದ. ಹೊಗೆ ಹೋಗುವ ದಾರಿಯಲ್ಲಿ ಒಂದು ಫಿಲ್ಟರ್ ಇದೆ, ಅದು ಮಸಿ ಹಿಡಿದಿಟ್ಟುಕೊಳ್ಳುತ್ತದೆ, ಗಾಡಿ ಜೋರಾಗಿ ಅರ್ಧ ಗಂಟೆ ಓಡಿದರೆ ಆ ಕಾವಿಗೆ ಮಸಿ ಸುಟ್ಟುಹೋಗುತ್ತದೆ, ಓಡದಿದ್ದರೆ ಕಟ್ಟಿಕೊಂಡು ಇಂಜಿನ್ನು ಎಳೆಯುವುದನ್ನೇ ಬಿಡುತ್ತದೆ ಎಂದು ಬಿಡಿಸಿ ಹೇಳಿದ. ಮಂಚದ ಮೇಲೆ ಮಲಗಿದ್ದ ಅಕ್ಕನ ಕಡೆ ತಿರುಗಿ ಅಣ್ಣ, “ಕೇಳ್ದೇನಮ್ಮಿ? ನಿಮ್ಮಿಬ್ರುದೂ ಫಿಲ್ಟ್ರು ಕಟ್ಕಂಡದಂತೆ” ಎಂದರು. ಅಕ್ಕ ನಕ್ಕರು. ನಕ್ಕು ನಕ್ಕು ಕೆಮ್ಮಿದರು. ಅಣ್ಣ ಗೋಡೆಯ ಕಡೆ ತಿರುಗಿಕೊಂಡರು.

ಅವರಿಗೆ ಬೆಳಗ್ಗೆ ಎದ್ದ ಕೂಡಲೇ ಗಾಡಿ ಚಾಲೂ ಮಾಡಿ ಹತ್ತು ನಿಮಿಷ ನಿಂತಲ್ಲೇ ಬಿಸಿ ಕಾಯಿಸುವ ರೂಢಿ. ಹಳೆಯ ಬಸ್ಸುಗಳಿಗೆ ಹಾಗೆ ಮಾಡಲೇಬೇಕಿತ್ತಂತೆ. ಈ ಕಾರಿಗೆ ಅದರಿಂದ ಮಸಿ ಇನ್ನೂ ಕಟ್ಟುತ್ತದೆ ಎಂದು ಮೆಕ್ಯಾನಿಕ್ಕು ಹೇಳಿದರೂ ಕೈ ಕೇಳಬೇಕಲ್ಲ. ಆಮೇಲೆ ಆದದ್ದನ್ನು ನೆನೆದಾಗಲೆಲ್ಲ ನಾನು ಈ ಹತ್ತು ನಿಮಿಷದ ಮರೆಯಲ್ಲಿ ಎಷ್ಟೋ ಸಲ ಅವಿತುಕೊಂಡಿದ್ದೇನೆ. ಅದೂ ಒಂದು ಕಾರಣ ಎಂದು ಸಮಾಧಾನ ಹೇಳಿಕೊಂಡಿದ್ದೇನೆ. ಸಮಾಧಾನ ಆಗಿಲ್ಲ.

ಒಂದು ಶನಿವಾರ ಸಂಜೆ ಅವರು ಗೋಡೆ ಹತ್ತಿರ ಬಂದು ಬೀಗದ ಕೈ ನನ್ನ ಕೈಗಿಟ್ಟರು.

“ವಾರಕ್ಕೊಂದಪ ನೀನು ಓಡಿಸ್ಕಂಡು ಬಾ. ಕೆ.ಆರ್. ಪೇಟೆಗೆ ಓಗಿ ಬಾ, ಸಾಕು. ಅವ್ಳಿಗೆ ಒಂದಿನ ಉಸಾರಾಯ್ತದೆ ಕಣ್ಲಾ. ಅವತ್ತಿಗೆ ಗಾಡಿ ರೆಡಿ ಇರ್ಬೇಕು.”

ಅವರು ಯಾರನ್ನೂ ಏನನ್ನೂ ಕೇಳಿದವರಲ್ಲ. ನನ್ನನ್ನು ಕೇಳಿದರಲ್ಲ ಎಂದು ಹೆಮ್ಮೆಯಾಯಿತು.

ಮೊದಲ ಭಾನುವಾರಗಳು ಚೆನ್ನಾಗಿದ್ದವು. ಬೆಳಗ್ಗೆ ಹೊರಟು, ಪಾಂಡವಪುರ ದಾಟಿದ ಮೇಲೆ ಕಾಲು ಒತ್ತಿ, ಕೆ.ಆರ್. ಪೇಟೆ ಮುಟ್ಟಿ, ಇಡ್ಲಿ ತಿಂದು ವಾಪಸು. ಒಂದು ಸಲ ನಾಗಮಂಗಲದವರೆಗೂ ಹೋಗಿದ್ದೆ. ಬಂದ ಕೂಡಲೇ ಅಣ್ಣ ಬಾನೆಟ್ ಮುಟ್ಟಿ ತಲೆಯಾಡಿಸುತ್ತಿದ್ದರು. ಆಮೇಲೆ ನಾನು ಅಕ್ಕನ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ದಾರಿ ಹೇಳಬೇಕು. ಅದು ಹೇಗೆ ಶುರುವಾಯಿತೋ ತಿಳಿಯದು, ರೂಢಿಯಾಗಿ ಹೋಯಿತು. ಎಲ್ಲಿ ಕಬ್ಬು ಕಡಿಯುತ್ತಿದ್ದಾರೆ, ಎಲ್ಲಿ ನಾಟಿ ಆಗಿದೆ, ಬೂಕನಕೆರೆ ಸಂತೆಯಲ್ಲಿ ಏನು ಬಂದಿತ್ತು, ಎಲ್ಲ ಬೇಕು ಅವರಿಗೆ. “ಅಸ ಎಂಗವೆ ಆ ಕಡೆ?” ಎಂದು ಪ್ರತಿ ಸಲವೂ ಕೇಳುತ್ತಿದ್ದರು. ಅಣ್ಣ ನಡುನಡುವೆ, “ಅಲ್ಲೊಂದು ಮೋರಿ ಅದೆ, ಅದ್ರ ತಾವ ಎಡಕ್ಕೆ ನೋಡ್ದಾ?” ಎಂದು ತಿದ್ದುತ್ತಿದ್ದರು. ಒಂದು ಗಂಟೆ ಹೊತ್ತು ಮೂವರೂ ಆ ರಸ್ತೆಯಲ್ಲೇ ಇರುತ್ತಿದ್ದೆವು.

ನನ್ನ ಸೋಮಾರಿತನ ಯಾವಾಗ ಶುರುವಾಯಿತು ಎಂದರೆ, ಪರೀಕ್ಷೆಯ ಪೇಪರು ತಿದ್ದುವ ಕಾಲದಲ್ಲಿ. ಒಂದು ಭಾನುವಾರ ಪೇಪರಿನ ಕಟ್ಟು ಕಾರಿನಲ್ಲಿಟ್ಟುಕೊಂಡು ಹೊರಟವನು ಪಾಂಡವಪುರದ ಕಡೆ ತಿರುಗಲೇ ಇಲ್ಲ. ಪಾಲಹಳ್ಳಿಯ ಕಾಲುವೆ ಏರಿಯ ಮೇಲೆ ಮರದ ನೆರಳಿಗೆ ಕಾರು ನಿಲ್ಲಿಸಿ, ಸೀಟು ಹಿಂದಕ್ಕೆ ಮಾಡಿ, ಎರಡು ಗಂಟೆ ಪೇಪರು ತಿದ್ದಿ ವಾಪಸು ಬಂದೆ. ಒಂದು ವಾರ ತಪ್ಪಿದರೆ ಏನಾಗುತ್ತದೆ ಎಂದುಕೊಂಡೆ. ಅಣ್ಣ ಬಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ನನ್ನ ಮುಖ ನೋಡಿದರು. ಅಂಗೈ ಒರೆಸಿಕೊಂಡು ಬಾಗಿಲ ಕಡೆ ನಡೆದರು.

ಒಳಗೆ ಅಕ್ಕ ದಿಂಬಿಗೆ ಒರಗಿ ಕೂತು ಕಾಯುತ್ತಿದ್ದರು. “ಮೇಷ್ಟ್ರೆ, ಇವತ್ತು ಕಾಪಿ ಎಲ್ಲಿ ಕುಡುದ್ರಿ?”

 ಬಾಯಿಗೆ ಬಂದದ್ದನ್ನು ಹೇಳಿದೆ. ಪಾಂಡವಪುರ ದಾಟಿದ ಮೇಲೆ ಒಂದು ತಿರುವು, ಅಲ್ಲಿ ಹೊಂಗೆಮರದ ಕೆಳಗೆ ಒಬ್ಬ ಅಜ್ಜಿ ಹೊಸದಾಗಿ ಕಾಫಿ ಅಂಗಡಿ ಇಟ್ಟಿದ್ದಾಳೆ, ಬೆಲ್ಲದ ಕಾಫಿ ಮಾಡುತ್ತಾಳೆ, ಕುಡಿದವರನ್ನೆಲ್ಲ ನಿಮ್ಮದು ಯಾವೂರು ಎಂದು ವಿಚಾರಿಸುತ್ತಾಳೆ ಎಂದೆ. ಅಕ್ಕನ ಮುಖ ಅಷ್ಟು ಅರಳಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅಜ್ಜಿಗೆ ಯಾರಿದ್ದಾರೆ, ಸೌದೆ ಒಲೆಯಾ ಗ್ಯಾಸಾ, ಹಾಲು ಎಲ್ಲಿಂದ ತರುತ್ತಾಳೆ ಎಂದು ಕೇಳಿದರು. ನಾನು ಎಲ್ಲಕ್ಕೂ ಉತ್ತರ ಕೊಟ್ಟೆ. ಅಣ್ಣ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಆ ದಿನ ಅವರು ಏನನ್ನೂ ತಿದ್ದಲಿಲ್ಲ.

ಮುಂದಿನ ವಾರ ಹೋದೆ. ಅದರ ಮುಂದಿನ ವಾರ ಇಲ್ಲ. ಬರಬರುತ್ತಾ ಪಾಲಹಳ್ಳಿಯೇ ಅಭ್ಯಾಸವಾಯಿತು. ಲೆಕ್ಕದ ಮೇಷ್ಟ್ರಾದ ನಾನು ಎಷ್ಟು ಭಾನುವಾರ ಆ ಏರಿಯ ಮೇಲೆ ಕೂತಿದ್ದೆ ಎಂಬ ಲೆಕ್ಕ ಇಟ್ಟಿಲ್ಲ. ಅಜ್ಜಿಗೆ ಒಬ್ಬ ಮೊಮ್ಮಗಳು ಬಂದಳು, ಮೊಮ್ಮಗಳಿಗೆ ನರ್ಸ್ ಕೆಲಸ ಸಿಕ್ಕಿತು. ಸುಳ್ಳು ಹೇಳುವಾಗ ನಾಚಿಕೆಯೂ ಆಗುತ್ತಿರಲಿಲ್ಲ, ಅದೇ ಈಗ ನನಗೆ ಸಂಕಟ. ಒಮ್ಮೆ ಅಣ್ಣ, “ದೀಪ ಮತ್ತೆ ಅತ್ಕಂಡದೆ ಕಣ್ಲಾ” ಎಂದರು, ತುಂಬ ಮೆತ್ತಗೆ. “ಮುಂದಿನ ವಾರ ನಾಗಮಂಗಲದಗಂಟ ಓಗ್ತೀನಿ ಅಣ್ಣ” ಎಂದೆ. ಹೋಗಲಿಲ್ಲ. ಮದುವೆಯೊಂದಿತ್ತು.

ಒಂದು ಬುಧವಾರ, ಚಳಿ ಇನ್ನೂ ಬಿಟ್ಟಿರಲಿಲ್ಲ, ಬೆಳಗ್ಗೆ ನಾನು ಶಾಲೆಗೆ ಹೊರಡುತ್ತಿದ್ದೆ. ಅಣ್ಣ ಗೋಡೆ ಹತ್ತಿರ ಬಂದರು. ಮುಖ ತೊಳೆದು, ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಅವರ ಹಿಂದೆ, ಜಗಲಿಯ ಕಂಬ ಹಿಡಿದು ಅಕ್ಕ ನಿಂತಿದ್ದರು. ತಾವಾಗಿ ಎದ್ದು ನಿಂತಿದ್ದರು. ಹಸಿರು ಸೀರೆ ಉಟ್ಟಿದ್ದರು.

“ಇವತ್ತು ಆಯ್ತದೆ ಅಂತಾವ್ಳೆ,” ಎಂದರು ಅಣ್ಣ. ಆಮೇಲೆ ದನಿ ತಗ್ಗಿಸಿ, “ಏನ್ಲಾ, ಗಾಡಿ ದೂರ ಓಯ್ತದಾ?” ಎಂದು ಕೇಳಿದರು.

ನಿಜ ಹೇಳಲು ಅದೇ ಸಮಯವಾಗಿತ್ತು. ನನ್ನ ಸ್ಕೂಟರಿನ ಹಿಂದೆ ಪೇಪರಿನ ಕಟ್ಟು ಬಿಗಿಯುತ್ತಾ, ಅವರ ಕಡೆ ನೋಡದೆ, “ಓಯ್ತದೆ ಅಣ್ಣ” ಎಂದೆ.

ಇಡೀ ದಿನ ಶಾಲೆಯಲ್ಲಿ ನನಗೆ ಬೋರ್ಡಿನ ಮೇಲೆ ಏನು ಬರೆಯುತ್ತಿದ್ದೇನೆ ಎಂಬುದು ತಲೆಗೆ ಹೋಗಲಿಲ್ಲ. ಮಧ್ಯಾಹ್ನ ಹೆಂಡತಿ ಫೋನು ಮಾಡಿ, ಮೊಸರನ್ನ ಕಟ್ಟಿಕೊಂಡು ಹೊರಟರು, ಅಕ್ಕ ಮುಂದಿನ ಸೀಟಿನಲ್ಲಿ ಕೂತು ಬೀದಿಯವರಿಗೆಲ್ಲ ಕೈ ಬೀಸಿದರು ಎಂದಳು. ಎಲ್ಲೋ ಒಂದು ಕಡೆ, ಹೇಗೋ ಹೋಗಿ ಬರಲಿ ದೇವರೇ ಎಂದು ಬೇಡಿಕೊಂಡೆ.

ಸಂಜೆ ಬಂದಾಗ ಕಾರು ಬಾಗಿಲಲ್ಲಿತ್ತು. ಪಾಂಡವಪುರ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಕೆಂಪು ದೀಪ ಬಂದು ಇಂಜಿನ್ನು ಎಳೆಯುವುದನ್ನು ನಿಲ್ಲಿಸಿತಂತೆ. ಬೂಕನಕೆರೆಯನ್ನೂ ಮುಟ್ಟಲಿಲ್ಲ. ಅಲ್ಲಿಂದ ಎತ್ತಿನ ಗಾಡಿಯ ನಡಿಗೆಯಲ್ಲಿ ವಾಪಸು ತಂದಿದ್ದರು. ಅಣ್ಣ ಕಾರಿನ ಗಾಜು ಒರೆಸುತ್ತಿದ್ದರು, ತಲೆ ಎತ್ತಲಿಲ್ಲ. ಅಕ್ಕ ಮಂಚದ ಮೇಲಿಂದ ಕರೆದರು. ಸುಸ್ತಾಗಿದ್ದರು, ಆದರೂ ಮಾತಾಡುವ ಆಸೆ.

“ಚೆಂದಾಗದೆ ಮೇಷ್ಟ್ರೆ ಆ ಕಡೆ. ಆದ್ರೆ ನಿಮ್ಮಜ್ಜಿ ಅಂಗ್ಡಿ ಕಾಣ್ನಿಲ್ಲ. ತಿರುವ್ನಲ್ಲೆಲ್ಲ ನೋಡ್ಕಂಡೇ ಓದೆ. ಮುಚ್ಬುಟ್ಟವ್ರಂತೆ, ಇವ್ರು ಯೋಳುದ್ರು. ಪಾಪ, ಉಸಾರಿಲ್ವೇನೋ. ಮುಂದಿನ್ ವಾರ ಓದಾಗ ವಸಿ ವಿಚಾರುಸ್ಕಂಡ್ ಬನ್ನಿ.”

ನಾನು ಹೊರಗೆ ನೋಡಿದೆ. ಅಣ್ಣ ಅದೇ ಗಾಜನ್ನು ಮತ್ತೆ ಒರೆಸುತ್ತಿದ್ದರು.

ಮೂರು ವಾರಕ್ಕೆ ಅಕ್ಕ ಹೋಗಿಬಿಟ್ಟರು. ಇನ್ನೊಂದು ಒಳ್ಳೆಯ ದಿನ ಬರಲಿಲ್ಲ. ಕಾರನ್ನು ಅಷ್ಟರಲ್ಲಿ ರಿಪೇರಿ ಮಾಡಿಸಿ ತಂದು ನಿಲ್ಲಿಸಿದ್ದರು.

ಅದಾದ ಮೇಲೆ ಅಣ್ಣ ಎರಡು ವರ್ಷ ಬದುಕಿದ್ದರು. ಕಾರನ್ನು ಮಾರಲಿಲ್ಲ, ದೂರಕ್ಕೂ ಒಯ್ಯಲಿಲ್ಲ. ಬೀದಿಯವರಿಗೆಲ್ಲ ಹಾಗೇ ಬೈದುಕೊಂಡಿದ್ದರು, ನನ್ನೊಬ್ಬನಿಗೆ ಬಿಟ್ಟು. ನನ್ನ ಹತ್ತಿರ ಮಾತ್ರ “ಊಟ ಆಯ್ತಾ ಮೇಷ್ಟ್ರೆ”, “ಮಕ್ಳು ಎಂಗವೆ ಮೇಷ್ಟ್ರೆ” ಎಂದು ಮೆತ್ತಗೆ ಮಾತಾಡುತ್ತಿದ್ದರು. ಅವರ ಬಾಯಲ್ಲಿ ಆ ಮರ್ಯಾದೆ ಕೇಳಿದಾಗಲೆಲ್ಲ ನಾನು ಒಂದೆರಡು ಮಾತಾಡಿ ಮನೆಯೊಳಕ್ಕೆ ನುಸುಳಿಕೊಳ್ಳುತ್ತಿದ್ದೆ. ಅವರು ತೀರಿಕೊಳ್ಳುವುದಕ್ಕೆ ಕೆಲವು ವಾರ ಮುಂಚೆ, ಜಗಲಿಯ ಮೇಲೆ ಒಬ್ಬರೇ ಕೂತಿದ್ದಾಗ, ತಡೆಯಲಾರದೆ ಹೋಗಿ ಪಕ್ಕದಲ್ಲಿ ಕೂತೆ.

“ಅಣ್ಣ, ಎಷ್ಟೋ ಭಾನುವಾರ ನಾನು ಓಗ್ಲೇ ಇಲ್ಲ. ಪಾಲಹಳ್ಳಿ ಕಾಲುವೆ ತಾವ ಕೂತಿದ್ದು ಬಂದ್ಬುಟ್ಟೆ.”

“ಗೊತ್ತಿತ್ತು ಕಣ್ಲಾ.”

ಎರಡು ವರ್ಷದ ಮೇಲೆ ಅವರ ಬಾಯಲ್ಲಿ ‘ಲಾ’ ಬಂತು. ನನಗೆ ಅಳು ಬಂತು.

“ಮತ್ತೆ ಅವತ್ತು ಯಾಕಣ್ಣ ಒಂಟ್ರಿ?”

“ಅವ್ಳು ಎದ್ದು ನಿಂತಿದ್ಲಲ್ಲ. ಬ್ಯಾಡ ಅಂತ ಯಾವ್ ಬಾಯಲ್ ಯೋಳ್ಲಿ? ಒಂದ್ ವಾರನಾದ್ರೂ ಸರಿಯಾಗಿ ಓಡ್ಸಿರ್ತೀಯ ಅನ್ಕಂಡೆ.”

“ಮೊದಲ್ನೇ ದಿನಾನೇ ನಂಗೆ ಬೈಬೇಕಿತ್ತು ಅಣ್ಣ. ಊರಿಗೆಲ್ಲ ಬೈತೀರಿ, ನಂಗ್ಯಾಕೆ ಬೈನಿಲ್ಲ?”

ಅವರು ರಸ್ತೆಯ ಕಡೆ ತಿರುಗಿದರು. ಬೈಯುತ್ತಾರೆ, ಈಗಲಾದರೂ ಬೈಯುತ್ತಾರೆ ಎಂದು ನಾನು ಕಾದೆ.

“ಬೈದಿದ್ರೆ ನೀನು ಬರೋದ್ನೇ ಬುಟ್ಬುಡ್ತಿದ್ದೆ,” ಎಂದರು. “ಶನಿವಾರ ಆಸ್ಪತ್ರೆಯಿಂದ ಬಂದು ಬಿದ್ಕಂಡೋಳು, ನಾಳೆ ಮೇಷ್ಟ್ರು ಬತ್ತಾರೆ, ನಾಳೆ ಮೇಷ್ಟ್ರು ಬತ್ತಾರೆ ಅಂತಿದ್ಲು. ಆ ಒಂದು ಮಾತ್ಗೆ ಎದ್ದು ಎಲ್ಡು ತುತ್ತು ಉಣ್ಣೋಳು. ನಾನು ಗಾಡಿ ನೋಡ್ಲಾ, ಅವ್ಳನ್ನ ನೋಡ್ಲಾ?”